ಕಾಯಲಾರದ ಬೀಜ

ಟಿಫಿನ್ ಡಬ್ಬಿಯಲ್ಲಿ ಊಟವಿಲ್ಲ.
ಒದ್ದೆ ಪಾಚಿಯ ನಡುವೆ ಇಪ್ಪತ್ತಮೂರು ಬೀಜ,
ಒಂದೊಂದರ ಮೈಗೂ ಕೆಂಪು ಪತ್ರೆ.
ಗಾಯಕ್ಕೆ ಸುತ್ತಿದ ಬಟ್ಟೆಯಂತೆ ಎಂದು ಬರೆದು
ಹೊಡೆದುಹಾಕಿದೆ.
ಮಂಗಟ್ಟೆಯನ್ನು ಕರೆಯುವ ಬಣ್ಣ ಅದು, ಅಷ್ಟೇ.

ಈ ಬೀಜಕ್ಕೆ ಕಾಯಲು ಬರುವುದಿಲ್ಲ.
ರಾಗಿ ಕಾಯುತ್ತದೆ ಹಗೇವಿನಲ್ಲಿ ವರ್ಷಗಟ್ಟಲೆ,
ಭತ್ತ ಪಣತದಲ್ಲಿ,
ಹುರುಳಿ ಬೂದಿಯೊಳಗೆ ಕೂತು
ಇಟ್ಟವಳನ್ನೇ ದಾಟಿ ಬದುಕುತ್ತದೆ.
ರಾಮಪತ್ರೆ ಒಣಗಿತೋ, ಸತ್ತಿತು.
ತಣ್ಣಗಿಟ್ಟರೂ ಸತ್ತಿತು.
ಹತ್ತು ದಿನ, ಹೆಚ್ಚೆಂದರೆ ಹನ್ನೆರಡು.
ಬೀಜಬ್ಯಾಂಕಿನ ಕಪಾಟಿನಲ್ಲಿ
ಇದರ ಹೆಸರಿಗೆ ಖಾತೆ ತೆರೆಯುವಂತಿಲ್ಲ.

ಕಾರ್ಗಲ್ಲಿನಿಂದ ಬಂದ ಬಸ್ಸು ಸಾಗರದಲ್ಲಿ
ಇಪ್ಪತ್ತು ನಿಮಿಷದಿಂದ ನಿಂತಿದೆ.
ಪಕ್ಕದ ಸೀಟಿನ ಮೇಷ್ಟ್ರು ಕೇಳುತ್ತಾರೆ:
"ತೊಡೆ ಮೇಲೇ ಇಟ್ಕೊಂಡಿದೀರಿ, ಬಿಸಿ ಸಾರಾ?"
"ಇಲ್ಲ, ಜೀವ ಇದೆ" ಅಂದುಬಿಟ್ಟೆ.
ಅವರು ಕಿಟಕಿಯ ಕಡೆ ಸರಿದು ಕೂತರು.

ಬೆಳಿಗ್ಗೆ ಜಡ್ಡಿಯಲ್ಲಿ
ಬೂದ್ಯಮ್ಮ ಮುಂದೆ, ನಾನು ಹಿಂದೆ.
ಇಂಬಳಕ್ಕೆಂದು ಅವಳ ಕೋಲಿನ ತುದಿಗೆ ಸುಣ್ಣ, ಹೊಗೆಸೊಪ್ಪಿನ ಗಂಟು.
ಮೊಣಕಾಲೆತ್ತಿ ಕೂತ ಬೇರುಗಳ ನಡುವೆ
ಎಲ್ಲಿ ಊರಿದರೆ ಕಾಲು ಹೂತುಹೋಗದು ಎಂದು
ಅವಳ ಹಿಮ್ಮಡಿಗೆ ಗೊತ್ತು.
ಇಪ್ಪತ್ತು ವರ್ಷದ ಹಿಂದೆ ಇವೇ ಮರ ಹತ್ತಿಸಿ,
ಹಣ್ಣಾಗುವ ಮೊದಲೇ ಕಾಯಿ ಬಡಿಸಿ,
ಪತ್ರೆ ಒಣಗಿಸಿ ಪೇಟೆಗೆ ಕಳಿಸಿದವಳು.
"ಮಗಳ ಮೂಗುಬೊಟ್ಟು ಈ ಮರದ್ದೇ ಕಣ್ರಮ್ಮ"
ಎನ್ನುತ್ತಾಳೆ, ಲೆಕ್ಕ ಒಪ್ಪಿಸುವ ದನಿಯಲ್ಲಿ,
ತೊಗಟೆಯ ಮೇಲೆ ಅಂಗೈ ಇಟ್ಟು.
ನಾನು ಬರೆದುಕೊಳ್ಳಲಿಲ್ಲ.
ನನ್ನ ನಮೂನೆಯಲ್ಲಿ ಎತ್ತರ, ಸುತ್ತಳತೆ, ನೆರಳಿನ ಪ್ರಮಾಣ.
ಮೂಗುಬೊಟ್ಟಿಗೆ ಕಲಂ ಇಲ್ಲ.

ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಈ ಜಾತಿಯಲ್ಲಿ.
ಅಲ್ಯೂಮಿನಿಯಂ ಬಿಲ್ಲೆ ಹೊಡೆದು ಎಣಿಸಿದ್ದೇನೆ:
ಹೆಣ್ಣು ಹನ್ನೊಂದು.
ಗಂಡು ಎರಡು.
ಹೋದ ಮಳೆಗಾಲ ಒಂದು ಉರುಳಿತು.
ಮೇಲ್ಗಡೆ ಗುತ್ತಿಗೆಗೆ ಶುಂಠಿ ಹಾಕಿದವರು ತೋಡಿದ ಕಾಲುವೆ
ಜಡ್ಡಿಯ ನೀರಿಗೆ ಬೇರೆ ದಾರಿ ತೋರಿಸಿತ್ತು.
ಬೇರಿನಡಿಯ ಮಣ್ಣು ಸಡಿಲಾಗಿ
ಒಂದು ರಾತ್ರಿ, ಯಾರಿಗೂ ಕೇಳದ ಹಾಗೆ.
ಅದರ ಬಿಲ್ಲೆ ನನ್ನ ಬ್ಯಾಗಿನ ಚಿಕ್ಕ ಜೇಬಿನಲ್ಲಿದೆ.
ನಿಯಮದ ಪ್ರಕಾರ ಕಚೇರಿಗೆ ಒಪ್ಪಿಸಬೇಕು.
ಒಪ್ಪಿಸಿಲ್ಲ.

ಶಿವಮೊಗ್ಗದ ನರ್ಸರಿ, ಸಂಜೆ ಆರೂವರೆ.
ಪತ್ರೆ ಬಿಡಿಸಿ, ಬಕೆಟ್ಟಿನ ನೀರಿಗೆ ಬಿಟ್ಟರೆ
ಎರಡು ತೇಲಿದವು. ಒಂದರೊಳಗೆ ಹುಳು.
ಉಳಿದ ಇಪ್ಪತ್ತನ್ನು ಮರಳಿನ ತಟ್ಟೆಯಲ್ಲಿ
ಒಂದೊಂದಾಗಿ ಅಡ್ಡ ಮಲಗಿಸಿದೆ,
ಒದ್ದೆ ಗೋಣಿ ಹೊದಿಸಿದೆ.
ರಿಜಿಸ್ಟರಿನಲ್ಲಿ ತಾರೀಖು.
ತಾಯಿ: ಹೆಣ್ಣು ಏಳು.
ತಂದೆ: ಒಬ್ಬನೇ ಉಳಿದಿರುವುದರಿಂದ ಊಹೆ ಸುಲಭ.
ಲಿಂಗ:
ಅಲ್ಲಿ ಪೆನ್ನು ನಿಲ್ಲುತ್ತದೆ ಪ್ರತಿ ಸಲ.
ಹೂ ಬಿಡುವ ತನಕ ಇವು ಬಾಯಿ ಬಿಡುವುದಿಲ್ಲ,
ಹದಿನೈದು ವರ್ಷವೋ, ಇಪ್ಪತ್ತೋ.
ನನ್ನ ಪ್ರಾಜೆಕ್ಟು ಬರುವ ಮಾರ್ಚಿಗೆ ಮುಗಿಯುತ್ತದೆ.

ಒಂಬತ್ತಕ್ಕೆ ಬೂದ್ಯಮ್ಮನ ಫೋನು.
"ಮೇಲಿನ ಕೊಂಬೇಲಿ ಮೂರು ಬಿಟ್ಟು ಬಂದ್ವಲ್ಲ,
ನೀವು ಬಸ್ಸು ಹತ್ತಿದ ಮೇಲೆ ಮಂಗಟ್ಟೆ ಬಂತು.
ಒಂದು ನುಂಗ್ತು.
ಶುಂಠಿ ಕಡೆಗೇ ಹಾರ್ತು, ಹಾಳಾದ್ದು."
"ಎಲ್ಲಿ ಉಗುಳ್ತು, ನೋಡಿದ್ಯಾ?"
"ಕತ್ಲಾಯ್ತು. ನಾಳೆ ಹೋಗಿ ಕಾಯ್ತೀನಿ."
ಕಾಯುವುದು ಎಂದರೆ ಯಾವ ಕಾಯುವುದು,
ದಾರಿ ನೋಡುವುದೋ ಕಾವಲಿರುವುದೋ,
ಕೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

ಡಬ್ಬಿ ತೊಳೆದೆ.
ಮುಚ್ಚಳದ ಅಂಚಿನ ಕೆಂಪು ಉಜ್ಜಿದರೂ ಹೋಗಲಿಲ್ಲ.
ನಾಳೆ ಇದರಲ್ಲೇ
ಮೊಸರನ್ನ.