ಬುಡ ನೋಡು

ಬಾಲ ಎಣಿಸು ಮೊದಲು.
ಮೂರಿದ್ದರೆ ಮುಂದಕ್ಕೆ ಹೋಗು.
ಎರಡಿದ್ದರೆ ಅವಸರ ಬೇಡ ತಸ್ಕೀನ್,
ಬುಡ ನೋಡು. ನಡುವೆ ಒಂದು ಮೊಟಕು ಕಂಡರೆ
ಇದ್ದದ್ದು ಮೂರೇ,
ಒಂದು ನಮ್ಮ ಜರಡಿಗೋ ಮೀನಿನ ಬಾಯಿಗೋ ಹೋಯಿತು.
ನನ್ನ ಎಡಗೈ ನೋಡಿ
ನಾಲ್ಕು ಬೆರಳಿನ ಜಾತಿ ಅಂತ ಬರೆದುಕೊಂಡೀಯೆ?
ಐದನೆಯದು ಕೊತ್ತತ್ತಿಯ ಆಲೆಮನೆಯಲ್ಲಿ
ಒಂದು ಬೆಳಗಿನ ಜಾವ
ಕಬ್ಬಿನ ಜೊತೆ ಗಾಣಕ್ಕೆ ಹೋದದ್ದು.
ಅವತ್ತೂ ಬೆಲ್ಲ ಅಚ್ಚಿಗೆ ಬಿತ್ತು, ಎಂದಿನಂತೆ.

ಕರಿಘಟ್ಟದ ಕೆಳಗೆ ಲೋಕಪಾವನಿ
ಈಗ ಮೊಣಕಾಲಿಗಿಂತ ಕಡಿಮೆ.
ಕಲ್ಲೆತ್ತು, ಮಗುಚು, ಬೇಗ.
ಹಂಚಿಗೆ ತಟ್ಟಿದ ರಾಗಿರೊಟ್ಟಿಯ ಹಾಗೆ
ಚಪ್ಪಟೆ ಮೆತ್ತಿಕೊಂಡು, ಕಣ್ಣು ನೆತ್ತಿಯ ಮೇಲಿದ್ದರೆ
ಅದು ಸೆಳವಿನದು.
ಮರಿಮೀನಿನ ಹಾಗೆ ಚಂಗನೆ ಚಿಮ್ಮಿದರೆ ಬೇರೆ ಮನೆತನ.
ಕೆಸರಲ್ಲಿ ಬಿಲ ತೋಡುವುದಕ್ಕೆ ಬಾಯಲ್ಲಿ ಎರಡು ಕೋರೆ,
ಮೈತುಂಬ ಗರಿಗರಿ ಕಿವಿರು.
ಇಲ್ಲಿ ನೋಡು, ಎಳ್ಳಿನಷ್ಟೇ ಉದ್ದ,
ಬೆನ್ನ ಮೇಲೆ ಎರಡು ಚೌಕ ಮುಚ್ಚಳ,
ಒಳಗೆ ಉಸಿರನ್ನು ಧೂಳಿಂದ ಕಾಪಾಡಿಕೊಳ್ಳುತ್ತೆ.
ಕಾರ್ಖಾನೆ ನೀರು ಬಿಡುವ ಹಳ್ಳದಲ್ಲಿ ನಮಗೆ ಸಿಕ್ಕಿದ್ದು
ಇದೊಂದೇ.
ಪ್ರತಿ ಕಾಲಿಗೂ ಒಂದೇ ಉಗುರು.
ಎರಡಿದ್ದರೆ ನಮ್ಮದಲ್ಲ, ನೀರಿಗೆ ಬಿಡು.

ನಿನ್ನ ಪುಸ್ತಕ ಪ್ರಭೇದ ಅನ್ನುತ್ತೆ.
ನನ್ನ ನಾಲಗೆಗೆ ಜಾತಿ ಅಂತಲೇ ಬರೋದು.
ಮೂವತ್ತೊಂದು ವರ್ಷದ ಹಿಂದೆ, ಗಂಗೋತ್ರಿಯಲ್ಲಿ,
ಕೆಲಸಕ್ಕೆ ಸೇರಿದ ಮೊದಲ ದಿನ
ಮೇಷ್ಟ್ರು ಲೆನ್ಸ್ ಕೈಗೆ ಕೊಟ್ಟು ಕೇಳಿದರು:
'ಮಂಚಯ್ಯ, ಯಾವ ಜಾತಿ?'
ಬೆವೆತುಬಿಟ್ಟೆ.
ತಲೆ ತಗ್ಗಿಸಿ ನನ್ನದು ಹೇಳಿದೆ.
ಅವರು ಏನೂ ಅನ್ನಲಿಲ್ಲ,
ಬಟ್ಟಲಲ್ಲಿದ್ದ ಹುಳದ ಕಡೆ ಬೆರಳು ಮಾಡಿದರು.
ಇಬ್ಬರೂ ಬಹಳ ಹೊತ್ತು
ಅದನ್ನೇ ನೋಡುತ್ತ ನಿಂತೆವು.

ಕತ್ತಲಾಯಿತು. ಬಿಳಿ ಪಂಚೆ ಕಟ್ಟು, ದೀಪ ಹಚ್ಚು.
ಟೀ ಅಂಗಡಿಯವನು ಬಂದು ಈಚಲು ಹುಳ ಅನ್ನುತ್ತಾನೆ,
ಹುರಿದರೆ ಚೆನ್ನ ಅನ್ನುತ್ತಾನೆ.
ಅವನಿಗೆ ಹೇಳು: ಈಚಲಿಗೆ ನಾಲ್ಕೂ ರೆಕ್ಕೆ ಒಂದೇ ಅಳತೆ,
ನೆಲಕ್ಕೆ ಬಿದ್ದರೆ ಕಳಚಿಟ್ಟು ನಡೆದುಹೋಗುತ್ತೆ.
ಇದಕ್ಕೆ ರೆಕ್ಕೆ ಮಡಚಲು ಬರೋದಿಲ್ಲ,
ಬೆನ್ನ ಮೇಲೆ ನೆಟ್ಟಗೆ ಹಿಡಿದು ಕೂರುತ್ತೆ.
ಹಿಂದಿನ ಜೋಡಿ ಕತ್ತರಿಸಿದ ಉಗುರಿನಷ್ಟು,
ಕೆಲವಕ್ಕೆ ಅದೂ ಇಲ್ಲ.
ಈ ಗಂಡಿನ ಕಣ್ಣಿನ ಮೇಲೆ ಇನ್ನೊಂದು ಕಣ್ಣು,
ಮೈಸೂರು ಪೇಟ ಸುತ್ತಿದ ಹಾಗೆ, ಇಟ್ಟಿಗೆ ಬಣ್ಣ.
ಬಣ್ಣ ಈಗಲೇ ಬರೆದುಕೋ,
ಸ್ಪಿರಿಟಿಗೆ ಬಿದ್ದ ಮೇಲೆ ಎಲ್ಲರದೂ ಒಂದೇ.
ಬಾಯಿ ಹುಡುಕಬೇಡ. ಇದ್ದೂ ಇಲ್ಲ.
ಹೊಟ್ಟೆಯಲ್ಲಿ ಬರೀ ಗಾಳಿ.

ರೆಕ್ಕೆ ಮಂಕಾಗಿದೆ ಅಂತ ಹೊಸ ಚೀಟಿ ಬರೆದೆಯಲ್ಲ,
ಹೊಡೆದು ಹಾಕು. ಅದೇ ಇದು.
ಹಾರಲು ಕಲಿತ ಮೇಲೂ
ಇನ್ನೊಂದು ಅಂಗಿ ಬಿಚ್ಚುವುದು ಬಾಕಿ ಇದೆ.
ಬೇರೆ ಯಾವ ಹುಳವೂ ಹೀಗೆ ಮಾಡೋದಿಲ್ಲ.
ಕಾಯಬೇಕು.
ಕಾಯುವುದಕ್ಕೆ ನಿನ್ನ ಪುಸ್ತಕದಲ್ಲಿ ನಂಬರಿಲ್ಲ.

ಏಳನೇ ಸೀಸೆಯದು ಎಲ್ಲೂ ಕೂರಲಿಲ್ಲ,
ಹದಿನಾಲ್ಕನೇ ಕವಲಿಗೆ ಬಂದು ಎರಡೂ ಕಡೆ ಅಲ್ಲ ಅಂದಿತು.
ಪೆನ್ಸಿಲಲ್ಲಿ ಬರೆ, ಇಂಕು ಕರಗುತ್ತೆ:
ಲೋಕಪಾವನಿ, ಕಲ್ಲಿನಡಿ,
ಗೊತ್ತಿಲ್ಲ.
ನಾಚಿಕೆ ಯಾಕೆ?

ಕೊನೇ ಬಸ್ಸಲ್ಲಿ ಕಂಡಕ್ಟರು
ನನ್ನ ತೋಳಿಗೆ ಟಾರ್ಚು ಬಿಟ್ಟು
'ಅದೇನಣ್ಣ ದಾರ?' ಅಂದ.
ಯಾವಾಗ ಬಂದು ಕೂತಿತ್ತೋ, ಯಾವಾಗ ಎದ್ದಿತೋ.
ಬರೀ ಪೊರೆ,
ಕಾಲಿನ ಉಗುರಿನವರೆಗೂ ಬಿಡಿಸಿಟ್ಟದ್ದು.
ಕನ್ನಡಕ ಏರಿಸಿ ಎಣಿಸಿದೆ.
ಬಾಲ ಎರಡು.
ಬುಡ ನೋಡಿದೆ.
ಮೊಟಕಿಲ್ಲ. ಎರಡೇ.