ತಿದ್ದುವುದು

ಸೋಮವಾರ ಬೆಳಗ್ಗೆ ದೋಣಿ ಬರುತ್ತದೆ.
ಅದರಲ್ಲಿ ಮಕ್ಕಳಿಲ್ಲ. ಅಪ್ಪಂದಿರು,
ಮುಖಕ್ಕೆ ಬಟ್ಟೆ, ಎದೆಗವಚಿದ ಪ್ಲಾಸ್ಟಿಕ್ ಲಕೋಟೆ.
ಶಾಲೆಯ ಗೇಟಿಗೆ ಅಡ್ಡ ಒಂದು ಮೇಜು, ಒಂದು ಹಗ್ಗ.
ಹಗ್ಗದಾಚೆ ಅವರು, ಈಚೆ ನಾನು.
ಬರೆದದ್ದನ್ನು ಇಟ್ಟು ಬರೆಯಬೇಕಾದ್ದನ್ನು ಒಯ್ಯುತ್ತಾರೆ.

ಕಾಗದಕ್ಕೂ ಮೂರು ದಿನ ಕ್ವಾರಂಟೈನ್,
ವಿಜ್ಞಾನದ ಕಪಾಟಿನಲ್ಲಿ, ಕಪ್ಪೆಯ ಜಾಡಿಯ ಪಕ್ಕ.

ಗುರುವಾರ ತೆರೆಯುತ್ತೇನೆ.
ಎರಡನೇ ತರಗತಿ, ಮೂವತ್ತೊಂದು ಲಕೋಟೆ.
ಒಂದರಲ್ಲಿ ಒಣಮೀನಿನ ವಾಸನೆ, ಒಂದರಲ್ಲಿ ಸೀಮೆಎಣ್ಣೆ,
ಒಂದರೊಳಗಿಂದ ಇರುವೆ ಸಾಲು.
ಕ್ರಿಜೆಲ್‌ಳದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ,
ಹುರಿದ ಮೀನಿನ ಗರಿಗರಿ ಬಾಲ
ತಟ್ಟೆಯಂಚಲ್ಲಿ ಉಳಿಸಿಕೊಂಡ ಹಾಗೆ.

ಮೊದಲ ಪುಟ ಅವಳದೇ. ಕೋಳಿ ಕೆದರಿದ ಅಕ್ಷರ,
ಒತ್ತಿದ ರಭಸಕ್ಕೆ ಮುಂದಿನ ಹಾಳೆಯನ್ನು
ಕಣ್ಣು ಮುಚ್ಚಿ ಬೆರಳಲ್ಲೇ ಓದಬಹುದು.
ಎರಡನೆಯದು ಅಣ್ಣ ರೆನ್ಯೆಲ್‌ನದು, ಅವಸರ,
ಏಳಕ್ಕೆಲ್ಲ ನಡುವೆ ಅಡ್ಡಗೆರೆ;
ಅವನ ಹೈಸ್ಕೂಲಿನ ಕಟ್ಟು ಅವನಿಗೆ ಕಾದಿರಬೇಕು.
‘ನಿಮ್ಮ ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ?’
ಇದಕ್ಕೆ ಅಜ್ಜಿ ಬಸ್ಯಾಳ ಉತ್ತರ,
ಓರೆ ಬರಹ, ‘ಜಿ’ಗೆ ಬೆಕ್ಕಿನದರಂಥ ಉದ್ದ ಬಾಲ:
‘ಎಲ್ಲರೂ ಇದನ್ನೇ ಮಾಡುತ್ತೇವೆ, ಟೀಚರ್.’
‘ಎಲೆಯ ಚಿತ್ರ ಬರೆಯಿರಿ’ ಎಂದದ್ದಕ್ಕೆ
ಬರೆಯಲು ಬಾರದ ಅಪ್ಪ ಟೀಬೋ ಬಿಡಿಸಿದ ಎಲೆ:
ನರ ನರಕ್ಕೂ ಗಂಟು ಹಾಕಿದ್ದಾನೆ,
ಬೀಸಿದರೆ ಮೀನು ಬಿದ್ದೀತು.

ಮಗುವೇ ಬರೆಯಬೇಕು, ಬೇರೆಯವರಲ್ಲ,
ಎಂದು ಮುಖ್ಯೋಪಾಧ್ಯಾಯರ ಸುತ್ತೋಲೆ.
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
ಒಂದು ಮನೆಗೆ ಹತ್ತಕ್ಕೆ ಎಷ್ಟು ಕೊಡಲಿ?

ಕೂಡುವ ಲೆಕ್ಕದ ಹಾಳೆಯ ಬೆನ್ನಿಗೆ
ಅಂಗಡಿಯ ಸಾಲ, ಅಮ್ಮ ನಕಲಿಳಿಸಿದ್ದು:
ಅಕ್ಕಿ ಇನ್ನೂರ ಹತ್ತು, ಸೀಮೆಎಣ್ಣೆ ನಲವತ್ತೈದು,
ಹಾಲಿನ ಪುಡಿ ಅರವತ್ತನಾಲ್ಕು, ಉಪ್ಪು ಹನ್ನೆರಡು,
ಫೋನಿಗೆ ಐವತ್ತು. ಒಟ್ಟು ನಾನೂರ ಎಂಬತ್ತೊಂದು ಪೆಸೊ.
ಕೈ ತಾನಾಗಿ ತಿದ್ದಿತು.
ಸುತ್ತು ಹಾಕಿ ಬರೆದೆ: ಮುನ್ನೂರ ಎಂಬತ್ತೊಂದು.
ಪಾಠದಲ್ಲಿಲ್ಲದ್ದು, ಯಾರೂ ಕೇಳದ್ದು.
ರಾತ್ರಿ ನಿದ್ದೆ ಬರಲಿಲ್ಲ:
ಅಂಗಡಿಯವಳ ಮೇಲೆ ಕಳ್ಳತನ ಹೊರಿಸಿದೆನೇ?
ಎದ್ದು ಅವಳ ಮಗನ ಹಾಳೆ ಹುಡುಕಿದೆ.
ಅವನೂ ಕೈಲಿಟ್ಟ ಒಂದನ್ನು ಎರಡು ಸಲ ಕೂಡುತ್ತಾನೆ,
ಪ್ರತಿ ಲೆಕ್ಕದಲ್ಲೂ, ನಿಷ್ಠೆಯಿಂದ.
ಅಮ್ಮನೇ ಹೇಳಿಕೊಟ್ಟಿರಬೇಕು, ಪಾಪ,
ಅಂಗಡಿ ಮುಚ್ಚಿದ ಮೇಲೆ, ಅದೇ ದೀಪದಲ್ಲಿ.

ಅವನ ಹಾಳೆಯ ಅಂಚಿನಲ್ಲಿ ಇಬ್ಬರಿಗೂ ಬರೆದೆ:
‘ಕೈಲಿಟ್ಟದ್ದನ್ನು ಒಮ್ಮೆ ಇಳಿಸಿದರೆ ಸಾಕು.’

ಮುಂದಿನ ಸೋಮವಾರ ಎರಡು ಲಕೋಟೆಗಳಲ್ಲೂ
ಒಂದೊಂದು ಉಪ್ಪುಮೊಟ್ಟೆ.
ಮೂರು ದಿನ ಕಪಾಟಿನಲ್ಲಿಟ್ಟು ತಿಂದೆ.

ಫೆಬ್ರವರಿಯಲ್ಲಿ ಬಾಲದ ‘ಜಿ’ ನಿಂತುಹೋಯಿತು.
ಟೀಬೋನ ಅಂಗಿಗೆ ಕಪ್ಪು ಪಿನ್ನು.
ನಾನು ಕೇಳಲಿಲ್ಲ. ಅವನು ಹೇಳಲಿಲ್ಲ.
ಹಗ್ಗ ಗಾಳಿಗೆ ಸ್ವಲ್ಪ ತೂಗಿತು.
ಆ ವಾರದ ಹಾಳೆಯಲ್ಲಿ ಎರಡು ಪ್ರಶ್ನೆ ಖಾಲಿ.
ನಾನು ಅಂಕ ಕಳೆಯಲಿಲ್ಲ.

ಶಾಲೆ ತೆರೆದಾಗ ಅವಳು ನಾಲ್ಕನೇ ತರಗತಿ.
ಮಾಸ್ಕಿನ ಮೇಲೆ ಕಣ್ಣಷ್ಟೇ; ಗುರುತು ಹತ್ತಲಿಲ್ಲ.
ಬೋರ್ಡಿಗೆ ಕರೆದೆ: ಬರಿ, ಏನಾದರೂ ಬರಿ.
ಬರೆದಳು ತಾರೀಕು. ಏಳಕ್ಕೆ ಅಡ್ಡಗೆರೆ.
ಬರೆದಳು ಊರಿನ ಹೆಸರು. ಒತ್ತಿದ ರಭಸಕ್ಕೆ ಸೀಮೆಸುಣ್ಣ ಮುರಿಯಿತು.
ಉಳಿದ ತುಂಡಲ್ಲೇ ಮುಗಿಸಿದಳು, ‘ಜಿ’ಯ ಬಾಲ
ಕೆಳಗಿನ ಸಾಲು ದಾಟಿ ಬೋರ್ಡಿನ ಅಂಚಿನವರೆಗೆ.

ಸಾಲು ದಾಟಬಾರದು ಎಂದು ಹೇಳಿಕೊಡುವವಳು ನಾನು.
ಡಸ್ಟರ್ ಕೈಯಲ್ಲೇ ಇತ್ತು.
ಇನ್ನೊಂದು ಸಲ ಬರಿ, ಅಂದೆ.