ಮಂಗಳವಾರದ ದಂಡ

ಏಳಕ್ಕೆ ಐದು ನಿಮಿಷವಿರುವಾಗ ಕೀಲಿ ತಿರುಗಿಸುತ್ತೇನೆ.
ಬೋರಾ ಗಾಳಿ ನನಗಿಂತ ಮೊದಲು ಒಳನುಗ್ಗಿ
ಗೂಟದ ಕೋಟುಗಳ ತೋಳು ಜಗ್ಗಿ ನೋಡುತ್ತದೆ.
ಬೂಟು ಕಳಚಿ, ಕೈ ತೊಳೆದು, ಏಪ್ರನ್ನಿನ ದಾರ ಬಿಗಿದು
ಕೋಣೆಯ ಹೊಸ್ತಿಲಲ್ಲಿ ನಿಲ್ಲಬೇಕು. ದಾಟುವಂತಿಲ್ಲ.
ಹೊದಿಕೆಯೊಳಗಿಂದ ಅದೇ ದನಿ:
"ಟಿಕೆಟ್?"

ಎಜಿದಿಯೋ ಫುರ್ಲಾನ್, ಎಂಬತ್ತೊಂಬತ್ತು.
ಟ್ರೀಯೆಸ್ತೆಯ ಗುಡ್ಡ ಹತ್ತುವ ಟ್ರಾಮಿನಲ್ಲಿ
ಮೂವತ್ತಾರು ವರ್ಷ ಕಂಡಕ್ಟರು.
ಹೆಂಡತಿಯ ಹೆಸರು ಯಾವುದೋ ನಿಲ್ದಾಣದಲ್ಲಿ ಇಳಿದುಹೋಯಿತು,
ಹೋದ ವರ್ಷದ ಆಪರೇಷನ್ನೂ, ಇವತ್ತಿನ ಕಾಫಿಯೂ.
ದರಪಟ್ಟಿ ಮಾತ್ರ ಬಾಯಿಪಾಠ.

ಏಜೆನ್ಸಿಯ ಮೂರು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು
ಮಾತ್ರೆ ಡಬ್ಬಿಯ ಏಳು ಖಾನೆ,
ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು,
ನೆತ್ತಿಗೇರದಂತೆ ಸೂಪು ಮಂದ ಮಾಡುವುದು.
ಟಿಕೆಟ್ಟಿನ ವಿಷಯ ಯಾರೂ ಎತ್ತಲಿಲ್ಲ.
ಮೊದಲ ವಾರವಿಡೀ ಹೊಸ್ತಿಲಲ್ಲೇ ವಾದಿಸಿದೆ:
ಕುತೈಸಿಯ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಭೂಗೋಳ ಕಲಿಸಿದವಳು,
ಇದು ಟ್ರಾಮಲ್ಲ, ಮನೆ, ಎಂದು ಕಲಿಸಹೋದೆ.
ಪೆದ್ದಿ.
ಎಂಟನೆಯ ದಿನ ಔಷಧದಂಗಡಿಯ ರಸೀದಿ ಚಾಚಿದೆ.
ಹೆಬ್ಬೆರಳ ಉಗುರಿನಿಂದ ಮೂಲೆಗೊಂದು ಗೀರು ಹಾಕಿ
"ಜಾಗವಿದೆ, ಮುಂದೆ ಹೋಗಿ" ಅಂದರು.

ಅಂದಿನಿಂದ ನಮ್ಮದು ಸುಸೂತ್ರ ಸಂಚಾರ.
ಮಂಗಳವಾರ, ಶುಕ್ರವಾರ ಸ್ನಾನ.
ಒಲ್ಲೆನೆಂದು ಮಂಚದ ಸರಳು ಹಿಡಿದರೆ
"ಕೊನೆಯ ನಿಲ್ದಾಣ, ಎಲ್ಲರೂ ಇಳಿಯಬೇಕು" ಅನ್ನುತ್ತೇನೆ.
ಇಳಿಯುತ್ತಾರೆ. ನಿಯಮ ನಿಯಮವೇ.
ಮೊದಲು ಪಾದಕ್ಕೆ ನೀರು, ಆಮೇಲೆ ಮಂಡಿಗೆ,
ತಲೆಗೆ ಎಲ್ಲಕ್ಕಿಂತ ಕೊನೆಗೆ.
ತೊಡೆಯ ಮೇಲೊಂದು ಟವೆಲು, ಯಾವಾಗಲೂ,
ಬಚ್ಚಲಲ್ಲಿ ಇರುವುದು ನಾವಿಬ್ಬರೇ ಆದರೂ.

ಮಗಳು ಒರ್ನೆಲ್ಲಾ ಭಾನುವಾರದವಳು.
ಕೇಕಿನ ಪೊಟ್ಟಣ ಮೇಜಿನ ಮೇಲಿಟ್ಟು, ನನ್ನ ಗಂಟೆಗಳ ಹಾಳೆಗೆ ಸಹಿ ಹಾಕಿ,
ನಿದ್ದೆ ಬಂತೆ, ಉಂಡರೆ, ಅತ್ತರೆ,
ಕೇಳುವುದೆಲ್ಲ ನನ್ನನ್ನೇ.
ಕೋಟು ಬಿಚ್ಚಿದ್ದು ನಾನು ಕಂಡಿಲ್ಲ.

ಈ ಮಂಗಳವಾರ ಬಂದಳು, ಹೇಳದೆ ಕೇಳದೆ.
"ಎತ್ತುವುದು ಹೇಗೆಂದು ತೋರಿಸಿ, ತ್ಸಿಯೂರಿ.
ನೀವು ರಜೆಗೆ ಹೋಗುವ ಹದಿನೈದು ದಿನ..."
ರಜೆಯೆಂದರೆ ಇಷ್ಟು: ಅಲ್ಲಿ ನನ್ನ ತಾಯಿಯನ್ನು ನೋಡಿಕೊಳ್ಳುವ ಲಮಾರಾಳಿಗೆ
ಇಲ್ಲಿನ ಸಂಬಳದಲ್ಲಿ ಮೂರನೆಯ ಒಂದು ಪಾಲು ಹೋಗುತ್ತದೆ;
ಅವಳಿಗೂ ರಜೆ ಬೇಕಲ್ಲ.

"ಟಿಕೆಟ್?"
"ಅಪ್ಪಾ, ನಾನು."
"ಎಲ್ಲರೂ ಹಾಗೇ ಹೇಳುತ್ತಾರೆ, ಮೇಡಂ."
ನನ್ನ ರಸೀದಿಯನ್ನು ಅವಳ ಅಂಗೈಗೆ ತುರುಕಿದೆ.
ಗೀರು ಬಿತ್ತು.
ಕೋಟು ಬಿಚ್ಚಿ ಒಳಗೆ ಬಂದಳು.

ತೋಳು ಹಿಡಿದು ಎಳೆಯಬೇಡಿ, ಭುಜ ಕಳಚೀತು.
ನಿಮ್ಮ ಮಂಡಿ ಅವರ ಮಂಡಿಗೆ ಆನಿಸಿ,
ಸೊಂಟದ ಹಿಂದೆ ಎರಡೂ ಕೈ.
ಇನ್ನೂ ಹತ್ತಿರ. ಸಂಕೋಚ ಬೇಡ,
ದೂರ ನಿಂತಷ್ಟೂ ಭಾರ ಹೆಚ್ಚು.
ಮೂರು ಎಣಿಸಿ. ಏಳುವವರು ಅವರು, ನೀವಲ್ಲ.
ಒಂದು, ಎರಡು...

ಎದ್ದರು.
ಅವಳ ಕತ್ತಿಗೆ ತಾಗಿ ಅವರ ಗಲ್ಲ, ಎರಡು ದಿನದ ಬಿಳಿ ಗಡ್ಡ.
ಗಾಲಿಕುರ್ಚಿ ಸರಿಸಿ ಕೊಡುವುದು ನನ್ನ ಕೆಲಸ.
ಸರಿಸಲು ತುಸು ತಡ ಮಾಡಿದೆ.
ಅವಳು ಏನೂ ಅನ್ನಲಿಲ್ಲ. ಅವರು ಮಾತ್ರ, ಮೆಲ್ಲಗೆ:
"ಗಟ್ಟಿಯಾಗಿ ಹಿಡಿದುಕೊಳ್ಳಿ, ತಿರುವು ಬರುತ್ತಿದೆ."

ಕೂತಮೇಲೆ ನನ್ನತ್ತ ತಿರುಗಿ ಕೈ ಚಾಚಿದರು.
ನನ್ನ ಕೈ ಖಾಲಿ.

ರಾತ್ರಿ ಪಾಳಿಯವಳಿಗಾಗಿ ಪುಸ್ತಕದಲ್ಲಿ ಬರೆದಿಟ್ಟೆ:
ಸ್ನಾನ ಆಯಿತು. ಸೂಪು ಅರ್ಧ ಬಟ್ಟಲು. ಎಡ ಹಿಮ್ಮಡಿ ಕೆಂಪಾಗಿದೆ, ಗಮನಿಸಿ.
ಮಗಳು ಎತ್ತಿದರು, ಎರಡು ಸಲ;
ಎರಡನೆಯದರ ಅಗತ್ಯವಿರಲಿಲ್ಲ.
ದಂಡ ಒಂದು, ಸಹಾಯಕಿಗೆ, ಟಿಕೆಟ್ಟಿಲ್ಲದೆ ಪ್ರಯಾಣಿಸಿದ್ದಕ್ಕೆ.
ಪಾವತಿ ಬಾಕಿ.